ತೊಗಟೆಯ ಹದ, ತೊಗಲಿನ ಕುರ್ಚಿ

ಬೆಂಗಳೂರಿನ ಒಂದು ಪೀಠೋಪಕರಣ ಮಳಿಗೆಯಲ್ಲಿ ಸೋಫಾ ನೋಡುತ್ತ ನಿಂತಿದ್ದೆ. ಅಲ್ಲಿದ್ದ ಹುಡುಗ ಹತ್ತಿರ ಬಂದು, "ಇದು ವೆಜಿಟೇಬಲ್ ಟ್ಯಾನ್ಡ್ ಲೆದರ್ ಸರ್, ಕೆಮಿಕಲ್ ಇಲ್ಲ, ಪರಿಸರಕ್ಕೆ ಏನೂ ತೊಂದರೆ ಇಲ್ಲ" ಎಂದ. ಬೆಲೆಚೀಟಿಯ ಮೂಲೆಯಲ್ಲಿ ಹಸಿರು ಎಲೆಯ ಚಿತ್ರವೂ ಇತ್ತು. ಹುಡುಗನ ತಪ್ಪೇನಿಲ್ಲ, ಹೇಳಿಕೊಟ್ಟದ್ದನ್ನು ಹೇಳಿದ. ಆದರೆ ಆ ಮಾತು ಮನೆಗೆ ಬಂದ ಮೇಲೂ ನನ್ನನ್ನು ಕಾಡಿತು. ವೆಜಿಟೇಬಲ್ ಟ್ಯಾನ್ಡ್ ಎಂದರೆ ತೊಗಟೆಯಂಥ ಗಿಡಮರದ ಒಗರಿನಲ್ಲಿ ಹದಗೊಂಡ ಚರ್ಮ, ಅದು ನನಗೆ ಪ್ರಿಯವಾದದ್ದು. ಇಷ್ಟು ಸಸಾರದ ಹೊಗಳಿಕೆ ಅದಕ್ಕೆ ಅವಮಾನ. ಒಂದು ಚರ್ಮ ಲೋಕಕ್ಕೆ ಹಿತವೋ ಅಹಿತವೋ ಎಂಬುದನ್ನು ಹದದ ತೊಟ್ಟಿ ಅರ್ಧ ಮಾತ್ರ ತೀರ್ಮಾನಿಸುತ್ತದೆ. ಉಳಿದರ್ಧ ಕುರ್ಚಿ ಮಾಡುವವನ ಕೈಯಲ್ಲಿದೆ.

ಮಣ್ಣಿಗೆ, ಪಾಕಕ್ಕೆ, ಹಿಟ್ಟಿಗೆ ಬಳಸುವ 'ಹದ' ಎಂಬ ಮಾತನ್ನೇ ಕನ್ನಡ ಚರ್ಮಕ್ಕೂ ಬಳಸುತ್ತದೆ. ಕೊಳೆಯಬೇಕಾದ ತೊಗಲು ಕೊಳೆಯದಂತಾಗಬೇಕು, ಒಣಗಿ ಸೆಟೆಯಬೇಕಾದದ್ದು ಬಾಗುವಂತಾಗಬೇಕು. ಮರದ ಒಗರಿಗೆ ಆ ಶಕ್ತಿಯಿದೆ. ನಮ್ಮ ಒಣಸೀಮೆಯ ತಂಗಡಿ ತೊಗಟೆ, ಜಾಲಿ ಚಕ್ಕೆ, ಅಳಲೆಕಾಯಿ ಈ ಕೆಲಸವನ್ನು ಶತಮಾನಗಳ ಕಾಲ ಮಾಡಿವೆ. ಒಗರು ತೊಗಲಿನೊಳಕ್ಕೆ ಇಳಿಯಲು ವಾರಗಳು ಬೇಕು, ಕೆಲವೊಮ್ಮೆ ತಿಂಗಳುಗಳು. ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಕಾಲಿಟನ್ ಎಂಬ ಊರಿನಲ್ಲಿ ಓಕ್ ತೊಗಟೆಯ ಗುಂಡಿಗಳಲ್ಲಿ ಇಂದಿಗೂ ಚರ್ಮ ವರ್ಷಕ್ಕೂ ಮಿಗಿಲಾಗಿ ಕೂರುತ್ತದೆ. 1884ರಲ್ಲಿ ಅಮೆರಿಕದ ಆಗಸ್ಟಸ್ ಶುಲ್ಟ್ಜ್ ಕ್ರೋಮಿಯಂ ಲವಣದಿಂದ ಹದಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ವಾರಗಳ ಕೆಲಸ ಕ್ರಮೇಣ ಒಂದೆರಡು ದಿನಕ್ಕೆ ಇಳಿಯಿತು. ಇವತ್ತು ಜಗತ್ತಿನ ಚರ್ಮದಲ್ಲಿ ನೂರಕ್ಕೆ ಎಂಬತ್ತರಷ್ಟು ಕ್ರೋಮ್‌ನದೇ.

ಅದರ ಬೆಲೆ ಏನೆಂದು ತಿಳಿಯಲು ದೂರ ಹೋಗಬೇಕಿಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ತಮಿಳುನಾಡಿಗೆ ಇಳಿಯುವ ಪಾಲಾರ್ ನದಿಯನ್ನು ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳ ಚರ್ಮದ ಕಾರ್ಖಾನೆಗಳು ಏನು ಮಾಡಿದವು ಎಂಬುದು 1996ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ದಾಖಲಾಗಿದೆ. ಕೆಡಿಸಿದವನೇ ದಂಡ ತೆರಬೇಕೆಂಬ ತತ್ವವನ್ನು ನ್ಯಾಯಾಲಯ ಈ ದೇಶದ ಕಾನೂನಿನ ಭಾಗವೆಂದು ಸಾರಿದ್ದು ಆ ವೆಲ್ಲೂರು ಪ್ರಕರಣದಲ್ಲೇ. ರಾಣಿಪೇಟೆಯಲ್ಲಿ ಕ್ರೋಮ್ ಲವಣ ತಯಾರಿಸುತ್ತಿದ್ದ ಕಾರ್ಖಾನೆ ಮುಚ್ಚಿ ದಶಕಗಳು ಕಳೆದರೂ ಅದು ಬಿಟ್ಟುಹೋದ ಲಕ್ಷಕ್ಕೂ ಮೀರಿದ ಟನ್ ವಿಷತ್ಯಾಜ್ಯ ಆ ಊರಿನ ಅಂತರ್ಜಲಕ್ಕೆ ಇಳಿಯುತ್ತಲೇ ಬಂದಿದೆ. ಕ್ರೋಮ್ ಬೇಡ ಎನ್ನುವವರ ಸಿಟ್ಟು ನನಗೂ ಇದೆ.

ಆದರೆ ತೊಗಟೆ ನಿರಪರಾಧಿಯೇ? ಹಾಗಲ್ಲ ಎನ್ನುವವರ ವಾದವನ್ನು ಗೌರವದಿಂದ ಕೇಳಬೇಕು. ಹಸಿ ತೊಗಲಿಗೆ ಹಚ್ಚುವ ಉಪ್ಪು, ಕೂದಲು ತೆಗೆಯುವ ಸುಣ್ಣ, ಸಲ್ಫೈಡ್ ಈ ಎರಡು ಬಗೆಯ ಹದಕ್ಕೂ ಸಮಾನ. ಪಾಲಾರ್ ಬಯಲಿನ ಬಾವಿಗಳು ಕೆಟ್ಟದ್ದು ಕ್ರೋಮಿಯಂ ಒಂದರಿಂದಲೇ ಅಲ್ಲ. ಒಗರಿನ ಕಂದು ನೀರೂ ಬೇಗ ಕರಗಿಹೋಗುವಂಥದ್ದಲ್ಲ, ಹಾಗೆಯೇ ಹೊಳೆಗೆ ಬಿಟ್ಟರೆ ನೀರಿನ ಉಸಿರನ್ನು ಕಸಿಯುತ್ತದೆ. ಇನ್ನು ಮರಗಳ ಕಥೆ. ನ್ಯೂಯಾರ್ಕಿನ ಕ್ಯಾಟ್ಸ್‌ಕಿಲ್ ಬೆಟ್ಟಗಳ ಹೆಮ್ಲಾಕ್ ಕಾಡನ್ನು ಹತ್ತೊಂಬತ್ತನೇ ಶತಮಾನದಲ್ಲಿ ತೊಗಟೆಗಾಗಿ ಉರುಳಿಸಿ, ಸಿಪ್ಪೆ ಸುಲಿದ ಬೊಡ್ಡೆಗಳನ್ನು ಕೊಳೆಯಲು ಬಿಟ್ಟರು. ಅರ್ಜೆಂಟೀನಾದಲ್ಲಿ ಕೆಬ್ರಾಚೊ ಎಂಬ ಮರವಿದೆ, ಹೆಸರಿನ ಅರ್ಥ ಕೊಡಲಿ ಮುರಿಯುವ ಮರ. 'ಲಾ ಫಾರೆಸ್ಟಾಲ್' ಎಂಬ ಬ್ರಿಟಿಷ್ ಕಂಪನಿ ಸಾಂತಾ ಫೆ ಪ್ರಾಂತ್ಯದ ಉತ್ತರ ಭಾಗದಲ್ಲಿ ಒಗರಿನ ಸತ್ವಕ್ಕಾಗಿ ಆ ಕಾಡನ್ನು ಬರಿದುಮಾಡಿತು. 1921ರಲ್ಲಿ ಅಲ್ಲಿ ಮುಷ್ಕರ ಹೂಡಿದ ಕೂಲಿಗಳ ರಕ್ತ ಹರಿಯಿತು. 1960ರ ದಶಕದಲ್ಲಿ ಕಂಪನಿ ಹೊರಟುಹೋಯಿತು, ಬೋಳು ನೆಲ ಉಳಿಯಿತು. ಕೊಂದದ್ದು ತರಕಾರಿಯಷ್ಟೇ ಸಾಧುವಾಗಿ ಕೇಳಿಸುವ ಆ 'ವೆಜಿಟೇಬಲ್' ಹದವೇ.

ನಮ್ಮದೇ ನೀಲಗಿರಿಯ ಕಥೆ ಇನ್ನೂ ನೋವಿನದು. ಆಸ್ಟ್ರೇಲಿಯಾದ ಕಪ್ಪು ವಾಟಲ್ ಮರದ ತೊಗಟೆಯಲ್ಲಿ ಒಳ್ಳೆಯ ಒಗರಿದೆ. ಸ್ವಾತಂತ್ರ್ಯಾನಂತರ ಚರ್ಮೋದ್ಯಮಕ್ಕೆ ಅದು ಬೇಕೆಂದು ಅಲ್ಲಿನ ಶೋಲಾ ಹುಲ್ಲುಗಾವಲುಗಳ ಮೇಲೆ ವಿಸ್ತಾರವಾಗಿ ನೆಟ್ಟರು. ಹುಲ್ಲು ಬೆಳೆದ ಬೆಟ್ಟವನ್ನು ಪಾಳು ಜಮೀನೆಂದು ತಿಳಿದವರು ಅವರು. ಆ ಹುಲ್ಲೇ ಮಳೆಯನ್ನು ಹೀರಿ ಹಿಡಿದು ವರ್ಷವಿಡೀ ತೊರೆಗಳಿಗೆ ಬಿಡುತ್ತಿತ್ತು. ಅಲ್ಲಿನ ತೋಡ ಬುಡಕಟ್ಟಿನವರ ಎಮ್ಮೆಗಳು ಮೇಯುತ್ತಿದ್ದದ್ದೂ ಅಲ್ಲೇ. ಭವಾನಿಯ ಮೂಲಕ ಕಾವೇರಿಗೆ ಸೇರುವ ನೀರು ಅದು. ವಾಟಲ್ ಬೀಜ ಚೆಲ್ಲಿ ಹರಡಿತು, ಹುಲ್ಲು ಸತ್ತಿತು. ಈಗ ಅದನ್ನು ಕಿತ್ತುಹಾಕುವಂತೆ ಮದ್ರಾಸ್ ಹೈಕೋರ್ಟೇ ಹೇಳಬೇಕಾಗಿ ಬಂದಿದೆ. ಇದನ್ನು ತಿಳಿದ ಮೇಲೆ ಬೆಲೆಚೀಟಿಯ ಹಸಿರು ಎಲೆಯನ್ನು ನಾನು ಸುಮ್ಮನೆ ನಂಬಲಾರೆ. ಯಾವ ಮರ, ಯಾವ ನೆಲದ್ದು ಎಂದು ಕೇಳಲೇಬೇಕು. ಹೊಲದ ಬದುವಿನಲ್ಲಿ ಯಾರೂ ನೀರೆರೆಯದೆ ಹಳದಿ ಹೂ ಬಿಡುವ ತಂಗಡಿಯೂ, ನೆಲಕ್ಕೆ ಉದುರಿದ್ದನ್ನು ಆಯ್ದು ತರುವ ಅಳಲೆಕಾಯಿಯೂ ಕಾಡು ಕಡಿದು ತಂದ ಸತ್ವಕ್ಕೆ ಸಮವಲ್ಲ.

ಚರ್ಮವೇ ಬೇಡ, 'ವೀಗನ್ ಲೆದರ್' ಸಾಕು ಎನ್ನುವವರಿಗೆ ಒಂದೇ ಮಾತು: ಆ ಹೆಸರಿನಲ್ಲಿ ಮಾರಾಟವಾಗುವುದರಲ್ಲಿ ಬಹುಪಾಲು ಪ್ಲಾಸ್ಟಿಕ್, ನಮ್ಮ ಹಳೆಯ ರೆಕ್ಸಿನ್‌ನ ಮೊಮ್ಮಗು.

ಹಾಗಾದರೆ ತೊಗಟೆಯ ಹದವನ್ನು ನಾನು ಯಾಕೆ ಸಮರ್ಥಿಸುತ್ತೇನೆ? ಉತ್ತರ ಕುರ್ಚಿಯಲ್ಲಿದೆ. ಇಂದಿನ ಸೋಫಾದಲ್ಲಿ ಚರ್ಮಕ್ಕೆ ಕೆಲಸವೇ ಇಲ್ಲ. ಒಂದು ಮಿಲಿಮೀಟರ್‌ನ ಆಸುಪಾಸಿನ ಪದರವನ್ನು ಫೋಮಿನ ಮೇಲೆ ಎಳೆದು ಅಂಟಿಸಿರುತ್ತಾರೆ, ಭಾರ ಹೊರುವುದು ಫೋಮು. ಹತ್ತು ವರ್ಷಕ್ಕೆ ಫೋಮು ಕುಸಿಯುತ್ತದೆ, ಅದರೊಂದಿಗೆ ಚರ್ಮವೂ ಕಸಕ್ಕೆ. ಅಂಥ ಸೋಫಾಕ್ಕೆ ತಿಂಗಳುಗಟ್ಟಲೆ ಹದಗೊಂಡ ಚರ್ಮ ಹೊದಿಸುವುದು ಆ ಚರ್ಮಕ್ಕೂ, ಅದು ಬಂದ ಪ್ರಾಣಿಗೂ ಮಾಡುವ ಅನ್ಯಾಯ.

1958ರಲ್ಲಿ ಡೆನ್ಮಾರ್ಕಿನ ಬೋರ್ಗೆ ಮೊಗೆನ್ಸೆನ್ ಮಾಡಿದ 'ಸ್ಪ್ಯಾನಿಷ್ ಕುರ್ಚಿ'ಯನ್ನು ನೋಡಿ. ಓಕ್ ಮರದ ಚೌಕಟ್ಟು, ಕೂರಲು ಒಂದು, ಒರಗಲು ಒಂದು, ಹೀಗೆ ಎರಡು ದಪ್ಪ ಜೀನಿನ ಚರ್ಮ. ಫೋಮಿಲ್ಲ. ಮೈಯ ಭಾರವನ್ನು ಚರ್ಮವೇ ಹೊರುತ್ತದೆ. ವರ್ಷಗಳು ಕಳೆದು ಅದು ಜೋಲಿದರೆ ಹಿಂದಿರುವ ಬಕಲನ್ನು ಒಂದು ತೂತು ಬಿಗಿಮಾಡಿದರಾಯಿತು. ಬಿಸಿಲು ತಾಗಿ ಅದು ಜೇನಿನ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕಾಕಂಬಿಯ ಬಣ್ಣಕ್ಕೆ. ಮೊಗೆನ್ಸೆನ್‌ನ ಗುರು ಕಾರೆ ಕ್ಲಿಂಟ್ 1933ರಲ್ಲಿ ಮಾಡಿದ 'ಸಫಾರಿ ಕುರ್ಚಿ'ಯ ಮೂಲ ನಮ್ಮ ರೂರ್ಕಿಯದು. ಬ್ರಿಟಿಷ್ ಸೈನ್ಯದ ಎಂಜಿನಿಯರುಗಳಿಗೆಂದು ಅಲ್ಲಿ ಹುಟ್ಟಿದ, ಬಿಚ್ಚಿ ಕಟ್ಟಿ ಒಯ್ಯಬಹುದಾದ ಕುರ್ಚಿ ಅದು. ಮೊಳೆಯಿಲ್ಲ, ಅಂಟಿಲ್ಲ. ಕೂತವನ ಭಾರದಿಂದಲೇ ಕೀಲುಗಳು ಬಿಗಿಯಾಗುತ್ತವೆ. ಒಂದು ಕಾಲು ಮುರಿದರೆ ಒಂದು ಕಾಲು, ಒಂದು ಪಟ್ಟಿ ಹರಿದರೆ ಒಂದು ಪಟ್ಟಿ ಬದಲಾಯಿಸಿದರೆ ಸಾಕು. ತೊಗಟೆಯ ಹದದ ದಪ್ಪ ಚರ್ಮ ಹೇಳಿಮಾಡಿಸಿದಂತಿರುವುದು ಇಂಥ ಕುರ್ಚಿಗೆ. ಅದು ಬಿಗುವಾಗಿದೆ, ಕೊಟ್ಟ ಆಕಾರವನ್ನು ನೆನಪಿಟ್ಟುಕೊಳ್ಳುತ್ತದೆ, ಅಂಚು ಉಜ್ಜಿದರೆ ಹೊಳೆಯುತ್ತದೆ, ಗೀಚಿದರೆ ಎಣ್ಣೆ ಹಚ್ಚಿ ತಿದ್ದಬಹುದು. ಕಬ್ಬಿಣದ ಮೊಳೆಯನ್ನು ಮಾತ್ರ ಒಲ್ಲದು. ತೇವ ಸಿಕ್ಕರೆ ಒಗರು, ಕಬ್ಬಿಣ ಸೇರಿ ಕಪ್ಪು ಕಲೆ. ನಮ್ಮ ಹಿರಿಯರು ಅಳಲೆಕಾಯಿಗೆ ಅನ್ನಭೇದಿ ಬೆರೆಸಿ ಶಾಯಿ ಮಾಡುತ್ತಿದ್ದದ್ದು ಇದೇ ರಹಸ್ಯದಿಂದ. ಆದ್ದರಿಂದ ಹಿತ್ತಾಳೆಯ ಮೊಳೆಯೇ ಆಗಬೇಕು.

ಪ್ರತಿಯೊಂದು ಹದಕ್ಕೂ ಅದರದೇ ಕೆಲಸವಿದೆ. ಮದ್ರಾಸಿಗೆ ಕ್ರೋಮ್ ಹದವನ್ನು ತಂದು, ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕನಾದ ಆಲ್ಫ್ರೆಡ್ ಚಾಟರ್ಟನ್ ಆ ಚರ್ಮದಿಂದ ಕಪಿಲೆ ಬಾವಿಯ ನೀರಿನ ಚೀಲಗಳನ್ನು ಮಾಡಿಸಿದ. ಸದಾ ನೆನೆಯುವ ಚರ್ಮಕ್ಕೆ ಕ್ರೋಮ್ ಹೆಚ್ಚು ತಾಳುತ್ತದೆ, ನಿಜ. ಮಲೆನಾಡಿನ ಮಳೆಗಾಲದಲ್ಲಿ ತೊಗಟೆ ಹದದ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ, ಆಗಾಗ ಒರೆಸಿ ಎಣ್ಣೆ ಕೊಡಬೇಕು ಎಂಬುದೂ ನಿಜ. ಬೆಲೆಯೂ ಹೆಚ್ಚೇ. ಒಂದು ಮನೆಗೆ ಇಂಥ ಒಂದೇ ಕುರ್ಚಿ ಸಾಧ್ಯವಾದರೆ ಒಂದೇ ಇರಲಿ.

ನಾನು ಹೇಳಲೇಬೇಕಾದ ಇನ್ನೊಂದು ಮಾತಿದೆ. ಹನ್ನೆರಡನೇ ಶತಮಾನದ ಶರಣರಲ್ಲಿ ಡೋಹರ ಕಕ್ಕಯ್ಯ ಚರ್ಮ ಹದಮಾಡುವ ಕಾಯಕದವನು. ಅವನನ್ನು ನಮಿಸುವ ನಾವು ಅವನ ಕಾಯಕದವರನ್ನು ನೂರಾರು ವರ್ಷ ಊರ ಹೊರಗೆ ಇಟ್ಟೆವು. ಅವರ ಕೈ ಸೋಕಿದ ಚಪ್ಪಲಿ ಬೇಕಾಯಿತು, ಅವರು ಬೇಡವಾದರು. ಈಗ ಇಟಲಿಯ ಟಸ್ಕನಿಯ ಮುದ್ರೆ ಹೊತ್ತು ಬಂದರೆ ಅದೇ ಹದ ಕಲೆಯಾಗುತ್ತದೆ! 2025ರ ಜೂನ್‌ನಲ್ಲಿ ಮಿಲಾನಿನ ವೇದಿಕೆಯ ಮೇಲೆ ಪ್ರಾಡಾ ಕಂಪನಿಯ ರೂಪದರ್ಶಿಗಳು ಕೊಲ್ಹಾಪುರಿಯಂಥದೇ ಚಪ್ಪಲಿ ಮೆಟ್ಟಿ ನಡೆದಾಗಷ್ಟೇ ನಮ್ಮ ಪತ್ರಿಕೆಗಳು ಅದನ್ನು ಹೊಲಿಯುವವರ ಓಣಿಗಳನ್ನು ಹುಡುಕಿಕೊಂಡು ಹೋದವು. ತೊಗಲನ್ನು ಚೀಲದಂತೆ ಹೊಲಿದು, ಒಳಗೆ ಜಾಲಿ ಚಕ್ಕೆ, ಅಳಲೆಕಾಯಿಯ ನೀರು ತುಂಬಿ ತೂಗುಹಾಕಿ ಹದಮಾಡುವ ವಿದ್ಯೆ ಅವರದು. ಬಲ್ಲವರು ಕಡಿಮೆಯಾಗುತ್ತಿದ್ದಾರೆ.

ನಮ್ಮ ಒಳಾಂಗಣ ವಿನ್ಯಾಸಕರಲ್ಲಿ, ಬಡಗಿಗಳಲ್ಲಿ, ವಿನ್ಯಾಸ ಕಲಿಯುವ ಮಕ್ಕಳಲ್ಲಿ ನನ್ನ ಬೇಡಿಕೆ ಇಷ್ಟೇ. ಇಟಲಿಯ ಕ್ಯಾಟಲಾಗು ತೆರೆಯುವ ಮುನ್ನ ಒಮ್ಮೆ ಅಥಣಿಗೆ, ನಿಪ್ಪಾಣಿಗೆ ಹೋಗಿ ಬನ್ನಿ. ಒಂದು ಕುರ್ಚಿಯ ನಕ್ಷೆ ಹಿಡಿದುಕೊಂಡು ಹೋಗಿ, ನ್ಯಾಯವಾದ ಕೂಲಿ ಕೊಟ್ಟು ಅವರ ಜೊತೆ ಕೂತು ಮಾಡಿಸಿ. ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಸೂಚಕ ಮಾನ್ಯತೆಯಲ್ಲಿರುವ ಎಂಟು ಜಿಲ್ಲೆಗಳಲ್ಲಿ ನಾಲ್ಕು ನಮ್ಮವು: ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ.