ಗಟ್ಟಿ ಕೈ ಯಾರ ಕೊರಳಿಗೆ?

ಚಹದಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ, ಗಿರಣಿಯ ಗೇಟಿನ ಮುಂದೆ ಕೂಡ ಈಚೆಗೆ ಒಂದು ಮಾತು ಮೇಲಿಂದ ಮೇಲೆ ನಮ್ಮ ಕಿವಿಗೆ ಬೀಳುತ್ತಿದೆ. “ಈ ಓಟು, ಈ ಶಾಸನಸಭೆ, ಈ ಗದ್ದಲ ಯಾತಕ್ಕೆ? ಗಟ್ಟಿ ಕೈಯವನೊಬ್ಬ ಬರಲಿ, ಎಲ್ಲ ನೆಟ್ಟಗಾಗುತ್ತದೆ.” ದೊಡ್ಡ ಸಾಹುಕಾರ ಹೀಗೆಂದರೆ ನಮಗೆ ಆಶ್ಚರ್ಯವಿಲ್ಲ. ಆ ಕೈ ತನ್ನ ಕೊರಳಿಗೆ ಬರುವುದಿಲ್ಲವೆಂದು ಅವನು ಬಲ್ಲ. ಆದರೆ ಎಂಟು ತಾಸು ಮಗ್ಗದ ಮುಂದೆ ನಿಂತು ಬಂದವನು, ಸಾಲ ತಂದು ಕಿರಾಣಿ ಅಂಗಡಿ ನಡೆಸುವವನು ಇದಕ್ಕೆ ತಲೆದೂಗುವುದನ್ನು ಕಂಡು ನಾವು ಸುಮ್ಮನಿರಲಾರೆವು.

ಶಾಲೆಯ ಪೌರನೀತಿ ಪುಸ್ತಕದಲ್ಲಿ ಸರಕಾರಗಳ ಜಾತಿಪಟ್ಟಿ ಇರುತ್ತದೆ: ರಾಜಪ್ರಭುತ್ವ, ಗಣರಾಜ್ಯ, ಅಧ್ಯಕ್ಷೀಯ ಪದ್ಧತಿ, ಸಂಸದೀಯ ಪದ್ಧತಿ. ನಾವೂ ಮಾಸ್ತರಿಕೆ ಮಾಡುವಾಗ ಇದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇವೆ. ಆ ಪಾಪ ನಮ್ಮ ಮೇಲೂ ಇದೆ. ಬೋರ್ಡು ಓದಿದರೆ ಅಂಗಡಿಯೊಳಗಿನ ಸರಕು ತಿಳಿದೀತೇ? ಮುಷ್ಕರ ಹೂಡಿದ ಮರುದಿನ ಬೆಳಿಗ್ಗೆ ಕೂಲಿಕಾರ ಎಲ್ಲಿರುತ್ತಾನೆ, ಮಾತುಕತೆಯ ಕೋಣೆಯಲ್ಲೋ ಲಾಕಪ್ಪಿನಲ್ಲೋ? ಯಾವ ದೇಶದ ಸರಕಾರವೇ ಆಗಲಿ, ಮೊದಲು ಕೇಳಬೇಕಾದ್ದು ಇದನ್ನು.

ಗಟ್ಟಿ ಕೈಯವರ ಪೈಕಿ ಅತ್ಯಂತ ಮರ್ಯಾದಸ್ಥನೆನಿಸಿಕೊಂಡವನನ್ನೇ ತೆಗೆದುಕೊಳ್ಳೋಣ. ಪೋರ್ಚುಗಲ್ಲಿನ ಸಲಾಜಾರ್ ಕೋಯಿಂಬ್ರಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ. ಮದುವೆಯಾಗದವ, ದುಂದು ಅರಿಯದವ. 1928ರಲ್ಲಿ ಅರ್ಥಮಂತ್ರಿಯಾಗಿ ಬಂದು ಸೋರುತ್ತಿದ್ದ ಬೊಕ್ಕಸದ ಲೆಕ್ಕವನ್ನು ಸರಿದೂಗಿಸಿದ. ಅದು ಸುಳ್ಳಲ್ಲ, ಒಪ್ಪುತ್ತೇವೆ. 1932ರಲ್ಲಿ ಪ್ರಧಾನಿಯಾದವನು 1968ರವರೆಗೆ ಕುರ್ಚಿ ಬಿಡಲಿಲ್ಲ. ದೇಶದ ಬೋರ್ಡು ಮಾತ್ರ 1910ರಿಂದಲೂ ಗಣರಾಜ್ಯವೆಂದೇ ಇತ್ತು. 1933ರಲ್ಲಿ ಅವನ ಹೊಸ ಸಂವಿಧಾನವನ್ನು ಜನಮತಕ್ಕೆ ಇಟ್ಟಾಗ, ಮತ ಹಾಕದೆ ಮನೆಯಲ್ಲುಳಿದವರನ್ನೂ ಒಪ್ಪಿದವರೆಂದೇ ಎಣಿಸಿದರು! ಗಿರಣಿಯ ಹಾಜರಿ ಪುಸ್ತಕ ತಿದ್ದುವ ಮುಕಾದಮನಿಗೂ ಇಂಥ ಲೆಕ್ಕ ಹೊಳೆದಿರಲಿಕ್ಕಿಲ್ಲ.

ಅದೇ ವರ್ಷ ಕಾರ್ಮಿಕ ಶಾಸನ ಬಂತು. ಮುಷ್ಕರ ನಿಷಿದ್ಧವಾಯಿತು. ಸ್ವತಂತ್ರ ಸಂಘಗಳು ಹೋಗಿ ಸರಕಾರ ಒಪ್ಪಿದ ಸಂಘಗಳು ಬಂದವು. 1934ರ ಜನವರಿ 18ರಂದು ಮಾರಿನ್ಯಾ ಗ್ರಾಂದೆ ಎಂಬ ಊರಿನ ಗಾಜಿನ ಕಾರ್ಖಾನೆಗಳ ಕೂಲಿಕಾರರು ಎದುರು ನಿಂತರು. ಸೈನ್ಯ ಬಂದು ಅಡಗಿಸಿತು. ಅವರಲ್ಲಿ ಹಲವರು 1936ರಲ್ಲಿ ಕೇಪ್ ವರ್ಡ್ ದ್ವೀಪಗಳ ತಾರಾಫಾಲ್ ಬಂದೀ ಶಿಬಿರ ಸೇರಿದರು. ಆ ಶಿಬಿರಕ್ಕೆ ಜನ ಇಟ್ಟ ಹೆಸರು ನಿಧಾನ ಸಾವಿನ ಶಿಬಿರ. ಗಟ್ಟಿ ಕೈಯ ಅಭಿಮಾನಿಗಳು, ಮಾಲೀಕರು ಕಾರ್ಖಾನೆಗೆ ಬೀಗ ಹಾಕುವುದನ್ನೂ ಅವನು ನಿಷೇಧಿಸಿದ್ದನಲ್ಲ ಎಂದಾರು. ಹೌದು, ನಿಷೇಧಿಸಿದ್ದ. ಪೊಲೀಸರೇ ಬೀಗವಾಗಿರುವಾಗ ಮಾಲೀಕನಿಗೆ ಬೇರೆ ಬೀಗದ ಗರಜಾದರೂ ಏನಿತ್ತು?

ಸಣ್ಣ ವ್ಯಾಪಾರಿ ಮಿತ್ರರು ಇದು ಕೂಲಿಕಾರರ ಮಾತೆಂದು ಪುಟ ಮಗುಚಬಾರದು. ಸಲಾಜಾರನ ಪೋರ್ಚುಗಲ್ಲಿನಲ್ಲಿ ಹೊಸ ಕಾರ್ಖಾನೆ ತೆರೆಯಲು, ಇದ್ದದ್ದಕ್ಕೆ ಯಂತ್ರ ಕೂಡಿಸಲು ಸರಕಾರದ ಅಪ್ಪಣೆ ಬೇಕಾಗಿತ್ತು. ಮೊದಲೇ ಬೇರು ಬಿಟ್ಟಿದ್ದ ದೊಡ್ಡ ಮನೆತನಗಳಿಗೆ ಆ ಕಾಯಿದೆಯೇ ಕೋಟೆಯಾಯಿತು. ಸಣ್ಣವನು ದೂರುವುದೆಲ್ಲಿ? ಪತ್ರಿಕೆಗೆ ಸೆನ್ಸಾರ್, ಓಣಿಗೆ ಗುಪ್ತ ಪೊಲೀಸರು. 1958ರ ಅಧ್ಯಕ್ಷ ಚುನಾವಣೆಯಲ್ಲಿ ಜನರಲ್ ಡೆಲ್ಗಾಡೊ ಎದುರು ನಿಂತು ಬೀದಿ ತುಂಬ ಜನ ಸೇರಿಸಿದ. ಸರಕಾರ ಅವನು ಸೋತನೆಂದು ಸಾರಿತು. ಮರುವರ್ಷ ಅಧ್ಯಕ್ಷನನ್ನು ಆರಿಸುವ ಹಕ್ಕನ್ನೇ ಜನರಿಂದ ಕಿತ್ತುಕೊಂಡಿತು. 1965ರಲ್ಲಿ ಗುಪ್ತ ಪೊಲೀಸರು ಅವನನ್ನು ಸ್ಪೇನಿನ ನೆಲದಲ್ಲಿ ಕೊಂದರು. ಲೆಕ್ಕ ಸರಿದೂಗಿದ ಆ ದೇಶದಲ್ಲಿ 1970ರಲ್ಲೂ ಸುಮಾರು ಕಾಲು ಭಾಗ ಜನಕ್ಕೆ ಓದಲು ಬರುತ್ತಿರಲಿಲ್ಲ; ಲಕ್ಷಾಂತರ ಮಂದಿ ಹೊಟ್ಟೆಪಾಡಿಗೆ ಫ್ರಾನ್ಸಿಗೆ ಹೋಗಿದ್ದರು.

ಆ ಕೈಯ ರುಚಿ ನಮಗೇನು ದೂರದ್ದಲ್ಲ. ಕಾರವಾರದ ಆಚೆ ಗೋವದಲ್ಲಿ ಅದೇ ಆಳುತ್ತಿತ್ತು. ಲೋಹಿಯಾ ಅವರು 1946ರ ಜೂನ್ 18ರಂದು ಮಡಗಾಂವದಲ್ಲಿ ಸಭೆ ನಡೆಸಲು ಹೋಗಿ ಬಂಧನಕ್ಕೊಳಗಾದರು. 1955ರ ಆಗಸ್ಟ್ 15ರಂದು ಬರಿಗೈಯ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿಸಿದವರೂ ಅದೇ ಸರಕಾರದವರು.

ಅದೇ ಕಾಲದ ಸ್ವೀಡನ್ನಿನಲ್ಲಿ ಸಿಂಹಾಸನದ ಮೇಲೆ ರಾಜನಿದ್ದ. ಆದರೆ ಸಮಾಜವಾದಿಗಳು ಓಟಿನಿಂದ 1932ರಲ್ಲಿ ಅಧಿಕಾರಕ್ಕೆ ಬಂದರು, 1938ರಲ್ಲಿ ಕೂಲಿಕಾರರಿಗೆ ವರ್ಷಕ್ಕೆ ಎರಡು ವಾರದ ಸಂಬಳದ ರಜೆ ಕಾಯಿದೆಯಾಯಿತು. ರಾಜರು ಬೇಕೆಂದು ನಾವು ಹೇಳುತ್ತಿಲ್ಲ. ಆ ಕಿರೀಟವನ್ನು ಮ್ಯೂಸಿಯಮ್ಮಿನಲ್ಲಿಟ್ಟರೂ ರಜೆ ಉಳಿಯುತ್ತಿತ್ತು.

ಕೆಂಪು ಬಾವುಟ ಕಟ್ಟಿದ ಮಾತ್ರಕ್ಕೂ ನಾವು ಮೋಸ ಹೋಗಬೇಕಾಗಿಲ್ಲ. ಪೂರ್ವ ಜರ್ಮನಿ ತನ್ನನ್ನು ಪ್ರಜಾಸತ್ತಾತ್ಮಕ ಗಣರಾಜ್ಯವೆಂದು ಕರೆದುಕೊಂಡಿತು. 1953ರಲ್ಲಿ ಸಂಬಳ ಹೆಚ್ಚಿಸದೆ ಕೆಲಸದ ಪ್ರಮಾಣವನ್ನು ಶೇಕಡ 10ರಷ್ಟು ಏರಿಸಿತು. ಜೂನ್ 16ರಂದು ಬರ್ಲಿನ್ನಿನ ಕಟ್ಟಡ ಕೂಲಿಗಳು ಕೆಲಸ ಬಿಟ್ಟು ಹೊರಟರು. ಮರುದಿನ ಅವರೆದುರು ಬಂದದ್ದು ರಷ್ಯದ ಟ್ಯಾಂಕು. ಬಾವುಟದ ಬಣ್ಣ ಯಾವುದಾದರೇನು, ಬೆಳಗಿನ ಪ್ರಶ್ನೆಗೆ ಉತ್ತರ ಲಾಕಪ್ಪೇ.

ಇನ್ನು ಮನೆಯ ಮಾತು. 1975ರ ಜೂನ್ 25ರ ರಾತ್ರಿ ನಮ್ಮಲ್ಲೂ ಗಟ್ಟಿ ಕೈ ಬಂತು. ರೈಲು ಹೊತ್ತಿಗೆ ಸರಿಯಾಗಿ ಓಡುತ್ತದೆಂದು ಹಲವರು ಕೊಂಡಾಡಿದರು. ಅದೇ ಸೆಪ್ಟೆಂಬರಿನಲ್ಲಿ ಒಂದು ಸುಗ್ರೀವಾಜ್ಞೆ ಹೊರಬಿದ್ದು ಕಾರ್ಮಿಕರ ಕನಿಷ್ಠ ಬೋನಸ್ಸು ಶೇಕಡ 8.33ರಿಂದ 4ಕ್ಕೆ ಇಳಿಯಿತು. ವರ್ಷಕ್ಕೆ 3,000 ರೂಪಾಯಿ ದುಡಿಯುವವನಿಗೆ 250ರ ಜಾಗದಲ್ಲಿ 120. ಕೇಳಲು ಬೀದಿಗಿಳಿದರೆ ಜೈಲು. ನಮ್ಮ ಸಮಾಜವಾದಿ ಬಳಗದ ಸ್ನೇಹಲತಾ ರೆಡ್ಡಿಯವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ಇಟ್ಟರು. ಉಬ್ಬಸದಿಂದ ಜರ್ಝರಿತರಾದ ಆಕೆಯನ್ನು ಬಿಟ್ಟದ್ದು 1977ರ ಜನವರಿಯಲ್ಲಿ. ಕೆಲವೇ ದಿನಗಳಲ್ಲಿ ತೀರಿಕೊಂಡರು.

ಆ ಮಾರ್ಚಿನಲ್ಲಿ ದೇಶದ ಮತದಾರ ಗಟ್ಟಿ ಕೈಯನ್ನು ಕುರ್ಚಿಯಿಂದ ಇಳಿಸಿದ. (ನಮ್ಮ ಕರ್ನಾಟಕ ಮಾತ್ರ 28ರಲ್ಲಿ 26 ಸ್ಥಾನವನ್ನು ಆ ಕೈಗೇ ಕೊಟ್ಟಿತು. ಅದನ್ನೂ ಮುಚ್ಚಿಡುವುದಿಲ್ಲ.) ಅದೇ ವರ್ಷ ಶೇಕಡ 8.33 ಮರಳಿ ಬಂತು. ಮರಳಿಸಿದ್ದು ಯಾವ ಗಂಡುಗಲಿಯೂ ಅಲ್ಲ, ಚಹದಂಗಡಿಯಲ್ಲಿ ಹೀಯಾಳಿಸಿಕೊಳ್ಳುವ ಆ ಓಟೇ.

ಇದಕ್ಕೆ ಜವಾಬು ಇದ್ದವರು ಭಾನುವಾರ ಸಂಜೆ ಪಕ್ಷದ ಕಚೇರಿಗೆ ಬರಲಿ. ಎದುರು ಕೂತು ವಾದಿಸೋಣ. ಚಹದ ಖರ್ಚು ನಮ್ಮದು.