ಟೋಸ್ಸಾ ಊರಲ್ಲಿ ಅವಾ ಇನ್ನೂ ನಿಂತಿದ್ದಾಳೆ!

ಮಿತ್ರರೇ, ಈ ವಾರ ಗಾಂಧಿನಗರಕ್ಕೆ ರಜಾ! ನಿಮ್ಮ ಈ ಬಡಪಾಯಿ ಅಂಕಣಕಾರ ಸ್ಪೇನ್ ದೇಶದ ಸಮುದ್ರದಲ್ಲಿ ಕಾಲು ನೆನೆಸಿಕೊಂಡು ಬಂದಿದ್ದಾನೆ. ನಂಬಿಕೆ ಬರಲಿಲ್ಲವೇ? ನಮ್ಮಪ್ಪನಿಗೂ ಬರಲಿಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟವನನ್ನು ಯಾವ ಪುಣ್ಯಾತ್ಮ ವಿಮಾನ ಹತ್ತಿಸಿದನಪ್ಪಾ ಅಂದರು. ಹತ್ತಿಸಿದ್ದು ಒಂದು ಡ್ಯೂಯೆಟ್! ಬಾರ್ಸಿಲೋನಾದಲ್ಲಿ ಹಾಡಿನ ಶೂಟಿಂಗ್, ವರದಿಗೆ ನಾನು. ಹಾಡು ಮುಗಿದು ಎರಡು ದಿನ ಬಿಡುವು ಸಿಕ್ಕಿತು. ಯೂನಿಟ್ಟಿನವರೆಲ್ಲ ಅಂಗಡಿಗೆ ಓಡಿದರು, ನಾನು ಬಸ್ ಸ್ಟ್ಯಾಂಡಿಗೆ ಓಡಿದೆ. ನಮ್ಮ ಪತ್ರಿಕೆ ಸಿಗೋದೇ ಬಸ್ ಸ್ಟ್ಯಾಂಡಲ್ಲಿ ತಾನೇ, ಅಭ್ಯಾಸಬಲ!

2011ರ 'ಜಿಂದಗಿ ನಾ ಮಿಲೇಗಿ ದೋಬಾರಾ' ನೋಡಿದವರಿಗೆ ಕೋಸ್ಟಾ ಬ್ರಾವಾ ಅನ್ನೋ ಹೆಸರು ನೆನಪಿರಬಹುದು. ಹೃತಿಕ್ ನೀರಿಗಿಳಿಯಲು ಹೆದರುತ್ತಾನಲ್ಲ, ಅದೇ ತೀರ. ಅಲ್ಲಿನ ಒಂದು ಪುಟ್ಟ ಊರು ಟೋಸ್ಸಾ ದೆ ಮಾರ್. ಬಾರ್ಸಿಲೋನಾದಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ. ಊರಿನ ತುದಿಯ ಗುಡ್ಡ ಕಡಲೊಳಕ್ಕೆ ಚಾಚಿಕೊಂಡಿದೆ. ಅದರ ಸುತ್ತ ಹಳೇಕಾಲದ ಕೋಟೆ, ದುಂಡನೆಯ ಬುರುಜುಗಳು. 1931ರಲ್ಲೇ ಈ ಕೋಟೆಯನ್ನು ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿದರು. ನೆತ್ತಿಯ ಮೇಲೊಂದು ದೀಪಸ್ತಂಭ, ಕಟ್ಟಿದ್ದು 1917ರಲ್ಲಿ. ಒಳಗೆ ಕಲ್ಲು ಹಾಸಿದ ಓಣಿಗಳು, ಎದುರಿಗೆ ಯಾರಾದರೂ ಬಂದರೆ ಗೋಡೆಗೆ ಒರಗಿ ದಾರಿ ಬಿಡಬೇಕು.

ಬೀಚಿನ ಬಗ್ಗೆ ನೀವೇನು ಕೇಳಬೇಕೂಂತಿದ್ದೀರಿ ನನಗೆ ಗೊತ್ತು! ಇದ್ದರು ಸ್ವಾಮಿ, ಈಜುಡುಗೆಯವರು ಬೇಕಾದಷ್ಟು ಜನ ಇದ್ದರು. ನನ್ನ ಪಕ್ಕ ಕೂತವರು ಮಾತ್ರ ಮೂರು ಜನ ಅಜ್ಜಿಯರು, ಇಸ್ಪೀಟು ಆಡುತ್ತಿದ್ದರು. ಅದೃಷ್ಟ ಬೇಕು!

ಮಧ್ಯಾಹ್ನ 'ಸಿಮ್ ಇ ತೊಂಬ' ತಿಂದೆ. ಅದು ಬೆಸ್ತರ ಅಡುಗೆ: ಮೀನು, ಆಲೂಗಡ್ಡೆ, ಮೇಲೆ ಬೆಳ್ಳುಳ್ಳಿ ಎಣ್ಣೆಯಲ್ಲಿ ಅರೆದ ಗೊಜ್ಜು. ಒಣಮೆಣಸಿನಕಾಯಿಯ ಮುಖ ನೋಡದ ಮೀನುಸಾರು ಅನ್ನಿ. ಆದರೂ ತಟ್ಟೆ ಬಳಿದೆ.

ಹೊಟ್ಟೆ ತುಂಬಿದ ಮೇಲೆ ಗುಡ್ಡ ಹತ್ತಿದೆ. ನಾನು ಬಂದದ್ದೇ ಅವಳನ್ನು ನೋಡಲಿಕ್ಕೆ. ಕೋಟೆಯ ಮೇಲೆ ಕಡಲ ಕಡೆ ನಿಂತಿದ್ದಾಳೆ, ಕಂಚಿನ ಅವಾ ಗಾರ್ಡ್ನರ್! ಆಳೆತ್ತರದ ಪ್ರತಿಮೆ, 1998ರಲ್ಲಿ ನಿಲ್ಲಿಸಿದ್ದು.

1950ರಲ್ಲಿ ಆಲ್ಬರ್ಟ್ ಲೆವಿನ್ ಎಂಬ ನಿರ್ದೇಶಕ 'ಪಂಡೋರಾ ಅಂಡ್ ದಿ ಫ್ಲೈಯಿಂಗ್ ಡಚ್‌ಮನ್' ಚಿತ್ರ ತೆಗೆಯಲು ಈ ಊರಿಗೆ ಬಂದ. ಅವಾಗೆ ಆಗ 27 ವರ್ಷ. ಶಾಪಗ್ರಸ್ತ ನಾವಿಕ ಜೇಮ್ಸ್ ಮೇಸನ್; ಏಳು ವರ್ಷಕ್ಕೊಮ್ಮೆ ಮಾತ್ರ ದಡ ಮುಟ್ಟುವವನು, ತನಗಾಗಿ ಪ್ರಾಣ ಕೊಡುವ ಹೆಣ್ಣು ಸಿಕ್ಕರೆ ಮಾತ್ರ ವಿಮೋಚನೆ. ನಡುವೆ ಒಬ್ಬ ಗೂಳಿ ಕಾಳಗದ ವೀರ. ಆ ಪಾತ್ರ ಮಾಡಿದ ಮಾರಿಯೋ ಕಬ್ರೆ ನಿಜಜೀವನದಲ್ಲೂ ಗೂಳಿಗಳೊಡನೆ ಸೆಣಸುತ್ತಿದ್ದವನೇ. ಜೊತೆಗೆ ಕವಿ! ಅವಾ ಮೇಲೆ ಕವಿತೆ ಬರೆದು ಪುಸ್ತಕವನ್ನೇ ಅಚ್ಚು ಹಾಕಿಸಿಬಿಟ್ಟ. ಪತ್ರಿಕೆಗಳಿಗೆ ಹಬ್ಬ! ಅತ್ತ ಅಮೆರಿಕದಲ್ಲಿ ಅವಾಳ ಗೆಳೆಯ, ಗಾಯಕ ಫ್ರಾಂಕ್ ಸಿನಾತ್ರಾ, ಹೆಂಡತಿ, ಮೂವರು ಮಕ್ಕಳಿದ್ದವನು, ಮೇ ತಿಂಗಳಲ್ಲಿ ವಿಮಾನ ಹತ್ತಿ ಸ್ಪೇನಿಗೇ ಬಂದಿಳಿದ. 1951ರಲ್ಲಿ ಅವರಿಬ್ಬರ ಮದುವೆಯಾಯಿತು, 1957ರಲ್ಲಿ ವಿಚ್ಛೇದನವೂ ಆಯಿತು.

ಕಬ್ರೆ ಏನಾದ? ನಟಿಸಿದ, ಬರೆದ, ಸ್ಪೇನಿನ ಟೆಲಿವಿಷನ್ನಿನಲ್ಲಿ ನಿರೂಪಕನಾಗಿ ಮನೆಮನೆಗೂ ಗೊತ್ತಾದ. ಅವಾ ತೀರಿಕೊಂಡದ್ದು 1990ರ ಜನವರಿಯಲ್ಲಿ. ಅದೇ ವರ್ಷ ಜುಲೈನಲ್ಲಿ ಕಬ್ರೆ. ಇಷ್ಟೆಲ್ಲ ಮಾಡಿದ ಮನುಷ್ಯನ ಹೆಸರು ಹೇಳಿದರೆ ಇವತ್ತಿಗೂ ಹೊರಗಿನವರಿಗೆ ನೆನಪಾಗೋದು ಒಂದೇ ಸಾಲು: ಅವಾ ಹಿಂದೆ ಬಿದ್ದವನು! ಅಂದಹಾಗೆ ಟೋಸ್ಸಾ ಊರು 1989ರಲ್ಲೇ ಗೂಳಿ ಕಾಳಗ ನಮಗೆ ಬೇಡ ಅಂತ ಘೋಷಿಸಿಕೊಂಡಿತು. ಆತನ ಕಸುಬಿಗೆ ಇಲ್ಲಿ ಜಾಗವಿಲ್ಲ, ಗಾಸಿಪ್ಪಿಗೆ ಇದೆ.

ಇಲ್ಲಿ ನಿಮಗೊಂದು ಮಾತು ಹೇಳಲೇಬೇಕು, ಮಿತ್ರರೇ. ನಾಲ್ಕು ವರ್ಷದ ಹಿಂದೆ ಬೇರೊಂದು ಪತ್ರಿಕೆಗೆ ನಾನು ಎರಡು ಸಾಲು ಬರೆದಿದ್ದೆ. ಒಬ್ಬ ಉಪನಾಯಕಿ, ಒಬ್ಬ ನಾಯಕ, ಔಟ್‌ಡೋರ್ ಶೂಟಿಂಗಿನ ಹೋಟೆಲು. ಹೆಸರಿರಲಿಲ್ಲ, ಆದರೆ ಯಾರೂಂತ ಎಲ್ಲರಿಗೂ ಗೊತ್ತಾಗುವ ಹಾಗಿತ್ತು. ನಾನು ನೋಡಿದ್ದಲ್ಲ; ಟೀ ಅಂಗಡಿಯಲ್ಲಿ ಲೈಟ್‌ಬಾಯ್ ಒಬ್ಬ ಹೇಳಿದ್ದು. ನನಗೆ ಸಿಕ್ಕಿದ್ದು 150 ರೂಪಾಯಿ. ಎರಡು ತಿಂಗಳ ಮೇಲೆ ಮೆಜೆಸ್ಟಿಕ್ಕಿನಲ್ಲಿ ಆ ಹುಡುಗಿಯ ಅಣ್ಣ ನನ್ನನ್ನು ಹುಡುಕಿಕೊಂಡು ಬಂದರು. ಹೊಡೀತಾರೆ ಅಂದುಕೊಂಡೆ, ಹೊಡೆಯಲಿಲ್ಲ. ಪರ್ಸಿನಿಂದ ಮಡಚಿದ ಕಾಗದದ ತುಂಡು ತೆಗೆದರು.

"ನೀವು ನೋಡಿದ್ರಾ?"

"ಇಲ್ಲ ಸಾರ್."

"ಮತ್ತೆ?"

"ಎಲ್ಲಾರೂ ಹೇಳ್ತಿದ್ರು ಸಾರ್..."

ಗೊತ್ತಾಗಿದ್ದ ಮದುವೆ ಮುರಿದಿತ್ತು. ಅವಳು ಆಮೇಲೆ ಬಣ್ಣ ಹಚ್ಚಲಿಲ್ಲ. ಅಣ್ಣ ಕಾಗದವನ್ನು ಮತ್ತೆ ಮಡಚಿ ಪರ್ಸಿಗೆ ಹಾಕಿಕೊಂಡು ತುಮಕೂರು ಬಸ್ ಹತ್ತಿದರು.

ಟೋಸ್ಸಾದಲ್ಲಿ ಹೊಸ ಮದುವೆ ಗಂಡುಹೆಣ್ಣಿನಂತಿದ್ದ ಜೋಡಿಯೊಂದು ಫೋಟೋ ತೆಗೆದುಕೊಡಿ ಅಂತ ಮೊಬೈಲ್ ಕೊಟ್ಟಿತು. ಹುಡುಗ ತಮಾಷೆಗೆ ಕಂಚಿನ ಅವಾಳ ಸೊಂಟಕ್ಕೆ ಕೈ ಹಾಕಿದ. ಹುಡುಗಿ ನಕ್ಕಳು. ತೆಗೆದುಕೊಟ್ಟೆ. ಅವರು ಹೋದ ಮೇಲೆ ಕೋಟೆ ಗೋಡೆ ಮೇಲೆ ಕತ್ತಲಾಗುವವರೆಗೂ ಕೂತಿದ್ದೆ. ಅವಾ ದೊಡ್ಡ ತಾರೆ, ಏನು ಬರೆದರೂ ತಡೆದುಕೊಂಡಳು, ಊರು ಅವಳಿಗೆ ಪ್ರತಿಮೆ ನಿಲ್ಲಿಸಿತು. ನಾನು ಬರೆದ ಹುಡುಗಿ ಮಾಡಿದ್ದು ಮೂರೇ ಚಿತ್ರ. ಅವುಗಳಲ್ಲೊಂದರಲ್ಲಿ ಚೆನ್ನಾಗಿ ಮಾಡಿದ್ದಳು. ಅದನ್ನು ನಾನು ಎಲ್ಲೂ ಬರೆದಿಲ್ಲ.

ಹೋದ ಭಾನುವಾರ ತುಮಕೂರಿಗೆ ಹೋಗಿದ್ದೆ. ಅಣ್ಣನ ಅಂಗಡಿ ಸಿಕ್ಕಿತು. ನನ್ನ ಗುರುತು ಹಿಡಿಯಲು ಅವರಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಗಿರಾಕಿಗಳು ಹೋಗುವವರೆಗೆ ನಿಂತಿದ್ದೆ. ಆಮೇಲೆ ಹೇಳಬೇಕಾದ್ದನ್ನು ಹೇಳಿದೆ. ಅವರು ಸ್ಟೂಲು ಎಳೆದು ಕೂರಿಸಿ, ತಂಗಿಯ ವಿಷಯ ಸ್ವಲ್ಪ ಹೇಳಿದರು. "ಇದನ್ನೂ ಬರೀಬೇಡಿ ಮತ್ತೆ" ಅಂದರು. ಬರೆಯುವುದಿಲ್ಲ.

ಮುಂದಿನ ವಾರ ಬಾರ್ಸಿಲೋನಾದ ಡ್ಯೂಯೆಟ್ ಕಥೆ. ನಾಯಕನಿಗೆ ನೆಗಡಿ, ನಾಯಕಿಗೆ ಸೀನು, ಇಬ್ಬರ ನಡುವೆ ಒಂದೇ ಕರ್ಚೀಫು! ಇದು ಮಾತ್ರ ನಾನೇ ಕಣ್ಣಾರೆ ಕಂಡದ್ದು.