ಲೆಕ್ಕ ಬಂತು, ಚಿಲ್ಲರೆ ಬರಲಿಲ್ಲ

ಹೈಸ್ಕೂಲಿನ ವಿಶೇಷ ಮಕ್ಕಳಿಗೆ ಸರ್ಕಾರ ಏನೂ ಮಾಡಿಲ್ಲ ಅಂದರೆ ಸುಳ್ಳಾದೀತು. ಶೇಕಡಾ 40 ಅಥವಾ ಹೆಚ್ಚು ನ್ಯೂನತೆಯಿದ್ದರೆ 18 ವರ್ಷದವರೆಗೆ ಉಚಿತ ಶಿಕ್ಷಣವೆಂದು 2016ರ ಕಾಯ್ದೆ ಹೇಳುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯವುಂಟು, ಬರೆದುಕೊಡುವವರ ನೆರವುಂಟು. ಆದರೆ ಪಾಸಾದ ಹುಡುಗ ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಕಂಪ್ಲಿ ಬಸ್ ಯಾವುದು, ಸಂಡೂರು ಬಸ್ ಯಾವುದು ತಿಳಿಯದೆ ಕಕ್ಕಾಬಿಕ್ಕಿಯಾದರೆ ಆ ಮಾರ್ಕ್ಸ್ ಕಾರ್ಡು ಯಾವ ಪುರುಷಾರ್ಥಕ್ಕೆ?

ಪಾಠ ಬೇಡವೆನ್ನುತ್ತಿಲ್ಲ. ಬುದ್ಧಿ ಬೆಳವಣಿಗೆ ನಿಧಾನವಾದ ಮಗುವಿಗೆ ಕ್ಲಾಸಿನಲ್ಲಿ ಕಲಿತದ್ದು ಅಂಗಡಿ ಮುಂದೆ ತಾನಾಗಿ ಒದಗುವುದಿಲ್ಲ. ಕರಿಹಲಗೆ ಮೇಲೆ ನೂರರಲ್ಲಿ ಅರವತ್ತೆರಡು ಕಳೆದವನು, ಸಕ್ಕರೆ ಕೊಂಡು ನೂರರ ನೋಟು ಕೊಟ್ಟು ಸುಮ್ಮನೆ ಬಂದುಬಿಡುತ್ತಾನೆ! ಅದನ್ನು ಅಂಗಡಿ ಕಟ್ಟೆಯಲ್ಲೇ ಹತ್ತು ಸಲ ಮಾಡಿಸಬೇಕು. ಹಂಪಿಗೆ ಒಯ್ದು ಕಲ್ಲಿನ ರಥದ ಮುಂದೆ ಫೋಟೋ ತೆಗೆಸಿದರೆ ಸಾಲದು. ಬಸ್ ಟಿಕೆಟ್ಟನ್ನು ಅವನೇ ಕೇಳಿ ತಗೊಳ್ಳಲಿ.

ತಾಲ್ಲೂಕು ಸಂಪನ್ಮೂಲ ಕೇಂದ್ರದ ಶಿಕ್ಷಕರು ವಾರಕ್ಕೊಮ್ಮೆ ಈ ಮಕ್ಕಳನ್ನು ಪೇಟೆಗೆ ಕರಕೊಂಡು ಬರಲಿ, ಇಲಾಖೆ ಬಸ್ ಚಾರ್ಜು ಕೊಡಲಿ. ಅಂಗಡಿಯವರೇ, ಗಿರಾಕಿ ಕಡಿಮೆಯಿರುವ ಮಧ್ಯಾಹ್ನ ಹತ್ತು ನಿಮಿಷ ನಿಮ್ಮದು. ಮಗು ಚಿಲ್ಲರೆ ಎಣಿಸುವಾಗ ಹಿಂದೆ ನಿಂತವರು ಗದರಬೇಡಿ.

2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಗೆ ಹೋಯಿತು, ಕಂಪ್ಲಿ-ಸಂಡೂರು ಬಳ್ಳಾರಿಯಲ್ಲೇ ಉಳಿದವು. ಕಡತ ಎರಡಾದರೂ ಜನ ಇಳಿಯುವ ಬಸ್ ಸ್ಟ್ಯಾಂಡ್ ಒಂದೇ. ಪೇಟೆ ದಿನ ಯಾವುದೆಂದು ಮೂರೂ ಕಡೆಯ ಬಿಇಓ ಸಾಹೇಬರು ಕೂತು ಗೊತ್ತು ಮಾಡಲಿ.